ಅಪಾರ್ಟ್‌ಮೆಂಟಿನಲ್ಲಿ ದೃಷ್ಟಿ ತೆಗೆಯೋದು ಹೇಗೆ? ನಿಮ್ಮ ಅನುಭವ ಹೇಳಿ

ಕೇಳಿದ್ದು: ಅಜ್ಜಿ ಇದ್ದಾಗ ದೃಷ್ಟಿ ತೆಗೆಯೋದು, ಹೊಸ್ತಿಲಿಗೆ ಅರಿಶಿನ ಹಚ್ಚೋದು ಎಲ್ಲ ತಾನಾಗೇ ನಡೀತಿತ್ತು. ಈಗ ಬೆಂಗಳೂರಲ್ಲಿ ಆರನೇ ಮಹಡಿ, ಇಬ್ಬರಿಗೂ ಕೆಲಸ, ಎರಡು ವರ್ಷದ ಮಗಳು. ಕೆಂಡವೂ ಇಲ್ಲ, ಮೂರು ದಾರಿ ಕೂಡೋ ಜಾಗವೂ ಇಲ್ಲ. ನೀವೆಲ್ಲ ಹೇಗೆ ಉಳಿಸಿಕೊಂಡಿದ್ದೀರಿ?

ಮೊದಲ ಉತ್ತರ: ತಂಗಿ, ನಾನೂ ಮೊದಲು ಅಮ್ಮನ ಹಾಗೇ ಮಾಡೋಕೆ ಹೋಗಿ ಗ್ಯಾಸ್ ಮೇಲೆ ಒಣಮೆಣಸಿನಕಾಯಿ ಸುಟ್ಟೆ. ಘಾಟಿಗೆ ಮಗ ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡ. ಅವತ್ತಿಗೆ ಮೆಣಸಿನಕಾಯಿ ಬಿಟ್ಟೆ, ಈಗ ಬರೀ ಕಲ್ಲುಪ್ಪು. ಸಂಜೆ ದೀಪ ಹೇಗೂ ಹಚ್ತೀನಲ್ಲ, ಅದರ ಬೆನ್ನಿಗೇ ಅವನನ್ನ ಮಣೆ ಮೇಲೆ ಕೂರಿಸಿ, ಮುಷ್ಟಿಯಲ್ಲಿ ಉಪ್ಪು ಹಿಡಿದು ತಲೆಯಿಂದ ಪಾದದವರೆಗೆ ಮೂರು ಸಲ ನಿವಾಳಿಸ್ತೀನಿ. "ಊರ ಕಣ್ಣು, ಕೇರಿ ಕಣ್ಣು, ನಾಯಿ ಕಣ್ಣು, ನರಿ ಕಣ್ಣು, ಅಪ್ಪನ ಕಣ್ಣು, ಅಮ್ಮನ ಕಣ್ಣು..." ಹೌದು, ಅಮ್ಮನ ಕಣ್ಣೂ. ಪ್ರೀತಿಯಿಂದ ಕಣ್ತುಂಬ ನೋಡಿದರೂ ದೃಷ್ಟಿ ಆಗುತ್ತೆ ಅಂತ ನಮ್ಮಮ್ಮ ಹೇಳೋರು. ಮಗ ಮುಷ್ಟಿಗೆ ಮೂರು ಸಲ "ಥೂ" ಅಂತಾನೆ. ಉಪ್ಪನ್ನ ಬಟ್ಟಲು ನೀರಿಗೆ ಹಾಕಿ, ಕರಗೋವರೆಗೂ ಇಬ್ಬರೂ ಬಗ್ಗಿ ನೋಡ್ತೀವಿ. ಆಮೇಲೆ ಸಿಂಕಿಗೆ. ದಿನಾ ಬೇಡ; ನಮ್ಮಲ್ಲಿ ಭಾನುವಾರ, ಅಮಾವಾಸ್ಯೆ, ಮದುವೆಮನೆಯಿಂದ ಬಂದ ದಿನ, ಅಷ್ಟೇ. ಜ್ವರ ಬಂದರೆ ಮಾತ್ರ ಮೊದಲು ಡಾಕ್ಟರು, ಉಪ್ಪು ಆಮೇಲೆ.

ಎರಡನೇ ಉತ್ತರ: ನಮ್ಮನೇಲಿ ಶುಕ್ರವಾರ ಹೊಸ್ತಿಲು ಒರೆಸಿ ಅರಿಶಿನ ಕುಂಕುಮ ಇಡೋದು ನನ್ನ ಪಾಲು. ಹುಟ್ಟುಹಬ್ಬಕ್ಕೆ ಕೆಂಪು ನೀರಿನ ಆರತಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದ ಕೂಡಲೇ ಹಳದಿ ಹೋಗಿ ಕೆಂಪಾಗುತ್ತೆ. ಸುಣ್ಣದ ಕ್ಷಾರದಿಂದ ಅಂತ ಗೊತ್ತಿದ್ದರೂ ಪ್ರತಿಸಲ ಮೈ ಜುಮ್ಮೆನ್ನುತ್ತೆ. ಆಯುಧಪೂಜೆಗೆ ಬೂದುಗುಂಬಳ ಒಡೆದರೆ ಚೂರುಗಳನ್ನ ದಯವಿಟ್ಟು ನೀವೇ ಬಾಚಿ ತೆಗೀರಿ, ಬೈಕಿನವರು ಜಾರಿ ಬೀಳ್ತಾರೆ.

ಮೂರನೇ ಉತ್ತರ: ಕಾಡಿಗೆ ಬೊಟ್ಟು ಕೆನ್ನೆಗೋ ಅಂಗಾಲಿಗೋ ಇಡಿ, ಕಣ್ಣೊಳಗೆ ಬೇಡ. ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತೆ. ಇನ್ನೊಂದು ಮಾತು. ಮಗು ರಾತ್ರಿಯೆಲ್ಲ ಅಳುತ್ತೆ ಅಂತ ನಾವು ಒಬ್ಬರ ಹತ್ತಿರ ತಾಯತಕ್ಕೆ ಹೋಗಿ, ಅವರು ಹೆದರಿಸಿದಷ್ಟೂ ದುಡ್ಡು ಕೊಟ್ಟೆವು. ಕೊನೆಗೆ ನೋಡಿದರೆ ಕಿವಿ ಸೋಂಕು. ದೆವ್ವ ಬಿಡಿಸ್ತೀನಿ ಅಂತ ಹೊಡೆಯೋದು, ಹಾವು ಕಚ್ಚಿದವರಿಗೆ ಆಸ್ಪತ್ರೆ ಬೇಡ ಅಂತ ಮಂತ್ರ ಹಾಕೋದು ನಮ್ಮ ರಾಜ್ಯದ 2017ರ ಕಾಯ್ದೆ ಪ್ರಕಾರ ಅಪರಾಧ. 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ಮನೆಯ ಪೂಜೆ, ಹಬ್ಬಕ್ಕೆ ಅದರಲ್ಲಿ ಅಡ್ಡಿಯಿಲ್ಲ.

ಕೇಳಿದವರು: ಅಜ್ಜಿಯ ಮಾತು ಅರ್ಧ ಮರೆತಿತ್ತು. ಊರಿಗೆ ಫೋನ್ ಮಾಡಿ ಚಿಕ್ಕಮ್ಮನಿಂದ ಕೇಳಿ ಬರೆದುಕೊಂಡೆ. ಈ ಭಾನುವಾರ ಉಪ್ಪಿನಿಂದಲೇ ಶುರು.