ಹಬ್ಬು, ಸುತ್ತು, ಹಿಡಿ, ಒರಗು: ಬೇಲಿಯ ಹೂಬಳ್ಳಿಗೆ ಯಾವ ಮಾತು?

ಪ್ರಶ್ನೆ: ಹೂದೋಟದ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುವಾಗ ಕ್ಲೈಂಬರ್, ಕ್ರೀಪರ್, ಟ್ವೈನರ್ ಮೂರಕ್ಕೂ ‘ಹಬ್ಬುವ ಬಳ್ಳಿ’ ಎಂದೇ ಬರೆದರೆ ನಡೆಯುತ್ತದೆಯೇ? ಟೆಂಡ್ರಿಲ್‌ಗೆ (ಬಳ್ಳಿ ಆಸರೆ ಹಿಡಿಯಲು ಚಾಚುವ ತೆಳು ಎಳೆಗೆ) ಏನೆನ್ನಬೇಕು? ಟ್ರೆಲ್ಲಿಸ್‌ಗೆ (ಬಳ್ಳಿ ಏರಲು ನಿಲ್ಲಿಸುವ ಜಾಲರಿ ಚೌಕಟ್ಟಿಗೆ) ‘ಚಪ್ಪರ’ ಎನ್ನಬಹುದೇ? ‘ಬೇಲಿಗೆ ಹಬ್ಬಿಸಿ’ ಎಂದು ಬರೆದರೆ ಓದುಗರಿಗೆ ಏನು ಮಾಡಬೇಕೆಂದು ಗೊತ್ತಾಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಉಳಿದವುಗಳ ಬೇರು ಅಲ್ಲಿದೆ. ‘ಹಬ್ಬು’ ಎನ್ನುವುದಕ್ಕೆ ದಿಕ್ಕಿಲ್ಲ. ಕುಂಬಳ ನೆಲದ ಮೇಲೆ ಹಬ್ಬುತ್ತದೆ, ಬೆಂಕಿ ಹಬ್ಬುತ್ತದೆ, ಸುದ್ದಿಯೂ ಹಬ್ಬುತ್ತದೆ. ಹಳಗನ್ನಡದ ‘ಪರ್ಬು’ ಕಾಲದಿಂದಲೂ ಅದರ ಅರ್ಥ ವ್ಯಾಪಿಸುವುದು. ಮೇಲೇರುವುದಕ್ಕೆ ‘ಅಡರು’ ಇದೆ. ‘ಹತ್ತು’ ಕೂಡ ಇದೆ, ಆದರೆ ಏರುವುದಕ್ಕೂ ಅಂಟುವುದಕ್ಕೂ ಅದೇ ಮಾತಾದ್ದರಿಂದ ತೋಟದ ಪುಸ್ತಕದಲ್ಲಿ ಗೊಂದಲವಾಗುತ್ತದೆ. ಆದ್ದರಿಂದ ಕ್ಲೈಂಬರ್ ಎಂಬ ಇಡೀ ಗುಂಪಿಗೆ ‘ಅಡರುಬಳ್ಳಿ’, ನೆಲದಲ್ಲೇ ಹರಿಯುವ ಕ್ರೀಪರ್‌ಗೆ ‘ಹರಿಬಳ್ಳಿ’ ಎಂದಿಟ್ಟುಕೊಳ್ಳಬಹುದು.

ಕೈಪಿಡಿಗೆ ಅಷ್ಟು ಸಾಲದು. ಬೇಲಿಯ ಮುಂದೆ ನಿಂತವರಿಗೆ ಬೇಕಾದದ್ದು ಬಳ್ಳಿ ಏರುತ್ತದೆ ಎಂಬ ಸಂಗತಿಯಲ್ಲ, ಯಾವುದರಿಂದ ಏರುತ್ತದೆ ಎಂಬುದು. 1865ರಲ್ಲಿ ಡಾರ್ವಿನ್ ಬಳ್ಳಿಗಳನ್ನು ವಿಂಗಡಿಸಿದ್ದೂ ಹೀಗೆಯೇ: ಕಾಂಡದಿಂದ ಸುತ್ತುವವು, ಎಲೆಯಿಂದ ಇಲ್ಲವೇ ಟೆಂಡ್ರಿಲ್‌ನಿಂದ ಹಿಡಿಯುವವು, ಕೊಕ್ಕೆಯಿಂದ ಸಿಕ್ಕಿಕೊಳ್ಳುವವು, ಬೇರಿನಿಂದ ಅಂಟುವವು. ಕನ್ನಡದಲ್ಲಿ ಇದನ್ನು ಹೇಳಲು ಹೊಸ ಪದ ಹುಟ್ಟಿಸಬೇಕಿಲ್ಲ. ಕಡೆಗೋಲು, ಸಿಡಿಮದ್ದು, ತೂಗುಮಂಚ ಎನ್ನುವಂತೆ ಧಾತುವಿಗೆ ನಾಮಪದ ಸೇರಿಸಿದರೆ ಸಾಕು: ಸುತ್ತುಬಳ್ಳಿ, ಹಿಡಿಬಳ್ಳಿ, ಅಂಟುಬಳ್ಳಿ, ಒರಗುಬಳ್ಳಿ. ಹೆಸರು ಕೇಳಿದೊಡನೆ ಎಂಥ ಆಸರೆ ಬೇಕೆಂದು ತಿಳಿಯುತ್ತದೆ.

ಸುತ್ತುಬಳ್ಳಿಯಲ್ಲಿ, ಅಂದರೆ ಟ್ವೈನರ್‌ನಲ್ಲಿ, ಸುತ್ತುವುದು ಕಾಂಡವೇ. ಶಂಖಪುಷ್ಪ, ಕಾಮಲತೆ, ಥನ್‌ಬರ್ಜಿಯಾ, ವಿಸ್ಟೀರಿಯಾ ಎಲ್ಲ ಈ ಜಾತಿ. ಇವಕ್ಕೆ ಬೇಕಾದದ್ದು ನೆಟ್ಟಗೆ ನಿಂತ ತೆಳು ಆಸರೆ. ಬೇಲಿಗೆ ಅಡ್ಡತಂತಿ ಮಾತ್ರ ಎಳೆದರೆ ಕುಡಿ ಒಂದು ತಂತಿಯಿಂದ ಮುಂದಿನದಕ್ಕೆ ದಾಟಲಾರದೆ ಗಾಳಿಯಲ್ಲಿ ತೂಗಾಡುತ್ತದೆ, ಕೊನೆಗೆ ತನ್ನನ್ನೇ ಸುತ್ತಿಕೊಂಡು ಹುರಿಯಾಗುತ್ತದೆ. ಒಂದೊಂದು ಗಿಡಕ್ಕೂ ನೆಲದಿಂದ ಮೇಲಿನವರೆಗೆ ಒಂದು ದಾರವೋ ಕಡ್ಡಿಯೋ ಇರಲಿ. ಶಂಖಪುಷ್ಪದಂಥ ಸಣ್ಣ ಬಳ್ಳಿ 10 ಸೆಂ.ಮೀ. ದಪ್ಪದ ಕಂಬವನ್ನು ಸುತ್ತಲಾರದೆ ಜಾರುತ್ತದೆ. ಕಂಬದ ಪಕ್ಕದಲ್ಲಿ ದಾರ ಕಟ್ಟಿಕೊಡಬೇಕು. ಅದರ ಬೀಜದ ಸಿಪ್ಪೆ ಗಟ್ಟಿ. ಒಂದು ಬದಿಯನ್ನು ಕೊಂಚ ಉಜ್ಜಿ, ರಾತ್ರಿಯಿಡೀ ನೆನೆಸಿ, 1ರಿಂದ 2 ಸೆಂ.ಮೀ. ಆಳದಲ್ಲಿ, ಸುಮಾರು 30 ಸೆಂ.ಮೀ. ಅಂತರದಲ್ಲಿ ಊರಿದರೆ ಮೊಳಕೆ ಬೇಗ ಬರುತ್ತದೆ.

ಸುತ್ತುವ ದಿಕ್ಕಿನ ವಿಷಯದಲ್ಲಿ ಭಾಷೆ ಸುಲಭವಾಗಿ ತಪ್ಪುದಾರಿಗೆಳೆಯುತ್ತದೆ. ‘ಬಲಕ್ಕೆ ಸುತ್ತುತ್ತದೆ’ ಎಂದರೆ ಯಾರ ಬಲ? ಹೆಚ್ಚಿನ ಸುತ್ತುಬಳ್ಳಿಗಳು ಮೇಲಿನಿಂದ ಬಗ್ಗಿ ನೋಡಿದರೆ ಅಪ್ರದಕ್ಷಿಣವಾಗಿ ಸುತ್ತುತ್ತವೆ. ಅದೇ ಬಳ್ಳಿಯನ್ನು ಬುಡದಿಂದ ಮೇಲಕ್ಕೆ ನೋಡಿದರೆ ಸುತ್ತು ಪ್ರದಕ್ಷಿಣ. ಎದುರಿನಿಂದ ನೋಡಿದರೆ ಕಾಂಡ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಓರೆಯಾಗಿ ಹಾಯ್ದಿರುತ್ತದೆ, ಸಾಮಾನ್ಯ ತಿರುಪುಮೊಳೆಯ ಗೆರೆಯಂತೆ. ಹನಿಸಕಲ್ ಇದಕ್ಕೆ ಉಲ್ಟಾ. ವಿಸ್ಟೀರಿಯಾದಲ್ಲಂತೂ ಚೀನೀ ಜಾತಿ ಒಂದು ಕಡೆಗೆ, ಜಪಾನೀ ಜಾತಿ ಇನ್ನೊಂದು ಕಡೆಗೆ. ಹಾಗಾಗಿ ಎಡ-ಬಲ ಬಿಟ್ಟು ‘ಮೇಲಿನಿಂದ ನೋಡಿದಾಗ ಅಪ್ರದಕ್ಷಿಣ’ ಎಂದೇ ಪೂರ್ತಿ ಬರೆಯಿರಿ. ಇದು ಬರೀ ಪಾಂಡಿತ್ಯದ ಮಾತಲ್ಲ. ಜಾರಿಬಿದ್ದ ಕುಡಿಯನ್ನು ಕೈಯಿಂದ ತಪ್ಪು ದಿಕ್ಕಿಗೆ ಸುತ್ತಿಟ್ಟರೆ ಅದು ಬಿಚ್ಚಿಕೊಂಡು ಮತ್ತೆ ಜಾರುತ್ತದೆ. ದಿಕ್ಕು ಗೊತ್ತಿಲ್ಲದಿದ್ದರೆ ಕೈಯಿಂದ ಸುತ್ತಬೇಡಿ, ದಾರಕ್ಕೆ ಸಡಿಲವಾಗಿ ಒಂದು ಗಂಟು ಹಾಕಿ ಬಿಟ್ಟರೆ ಸಾಕು, ತುದಿ ತಾನೇ ದಾರಿ ಹಿಡಿಯುತ್ತದೆ.

ಈಗ ಟೆಂಡ್ರಿಲ್. ‘ನುಲಿಬಳ್ಳಿ’ ಎಂದರೆ ಇಡೀ ಗಿಡದ ಹೆಸರೆನಿಸುತ್ತದೆ. ‘ನುಲಿ’ಗೆ ‘ಕುಡಿ’ ಸೇರಿಸಿದರೆ ಆದೇಶ ಸಂಧಿಯಾಗಿ ‘ನುಲಿಗುಡಿ’ ಆಗಿ ದೇವಸ್ಥಾನ ನೆನಪಾಗುತ್ತದೆ. ‘ನುಲಿಯೆಳೆ’ ನನಗೆ ಸರಿಕಾಣುತ್ತದೆ, ಏಕೆಂದರೆ ಅದು ಕಣ್ಣಿಗೆ ಕಾಣುವುದೇ ಹಾಗೆ. ಕೃಷ್ಣಕಮಲದ ಒಂದು ಎಳೆಯನ್ನು ಹತ್ತಿರದಿಂದ ನೋಡಿ. ಮೊದಲು ನೇರವಾಗಿ ಚಾಚಿಕೊಂಡಿರುತ್ತದೆ. ತುದಿ ತಂತಿಗೆ ತಾಗಿದ ಮೇಲೆ ಕೊಂಡಿಯಾಗಿ ಬಿಗಿಯುತ್ತದೆ. ಆಮೇಲೆ ನಡುವಿನ ಭಾಗ ಸುರುಳಿಯಾಗುತ್ತದೆ, ಅರ್ಧ ಒಂದು ದಿಕ್ಕಿಗೆ, ಅರ್ಧ ಎದುರು ದಿಕ್ಕಿಗೆ, ನಡುವೆ ಒಂದು ಚಿಕ್ಕ ನೇರ ತುಂಡು. ಎರಡೂ ತುದಿ ಕಟ್ಟಿಬಿದ್ದ ದಾರ ಒಂದೇ ಕಡೆಗೆ ನುಲಿಯಲಾರದು, ಅದಕ್ಕೇ ಈ ತಿರುವು. ಗಾಳಿ ಬೀಸಿದಾಗ ಸ್ಪ್ರಿಂಗಿನಂತೆ ಹಿಗ್ಗಿ ಕುಗ್ಗುವುದರಿಂದ ಬಳ್ಳಿ ತುಂಡಾಗುವುದಿಲ್ಲ. ಗೌರಿ ಹೂವಿನಲ್ಲಿ ಎಲೆಯ ತುದಿಯೇ ನುಲಿಯೆಳೆ, ಕ್ಲೆಮ್ಯಾಟಿಸ್‌ನಲ್ಲಿ ಎಲೆತೊಟ್ಟೇ ಸುತ್ತಿ ಹಿಡಿಯುತ್ತದೆ. ಇವೆಲ್ಲ ಹಿಡಿಬಳ್ಳಿಗಳು. ಪೆನ್ಸಿಲ್‌ಗಿಂತ ದಪ್ಪದ ಆಸರೆ ಇವುಗಳ ಮುಷ್ಟಿಗೆ ಸಿಗದು. 2-3 ಮಿ.ಮೀ. ತಂತಿಯ ಜಾಲರಿ ಒಳ್ಳೆಯದು, ಹಲಗೆಬೇಲಿ ಪ್ರಯೋಜನವಿಲ್ಲ. ಗೌರಿ ಹೂವಿನ ಎಲ್ಲ ಭಾಗವೂ, ಅದರಲ್ಲೂ ಗೆಡ್ಡೆ, ವಿಷ. ಮಕ್ಕಳು ಓಡಾಡುವ ಬೇಲಿಗೆ ಅದು ಬೇಡ.

ಅಂಟುಬಳ್ಳಿ ಬೇರು ಬಿಟ್ಟು ಕಚ್ಚಿಕೊಳ್ಳುತ್ತದೆ, ಕ್ಯಾಂಪ್ಸಿಸ್‌ನಂತೆ. ಕಲ್ಲಿನ ಗೋಡೆಗೆ ಸರಿ. ಮರದ ಬೇಲಿಗಾದರೆ ತೇವ ಹಿಡಿದಿಟ್ಟು ಹಲಗೆ ಕೊಳೆಸುತ್ತದೆ, ಬಣ್ಣ ಬಳಿಯಲು ಬಿಡಿಸಿದರೆ ಬೇರಿನ ಗುರುತು ಉಳಿಯುತ್ತದೆ.

ಒರಗುಬಳ್ಳಿಗೆ ‘ಹಬ್ಬಿಸಿ’ ಎಂದು ಬರೆಯುವುದೇ ತಪ್ಪು. ಕಾಗದದ ಹೂ, ಅಂದರೆ ಬೋಗನ್‌ವಿಲ್ಲಾ, ಹಾಗೂ ಹಬ್ಬುಗುಲಾಬಿ ತಾವಾಗಿ ಏನನ್ನೂ ಹಿಡಿಯವು. ಉದ್ದ ಕೊಂಬೆ ಚಾಚಿ ಮುಳ್ಳಿನಿಂದ ಸಿಕ್ಕಿಕೊಳ್ಳುತ್ತವೆ ಅಷ್ಟೆ. ರಂಗೂನ್ ಬಳ್ಳಿಯಲ್ಲಿ ಎಲೆ ಉದುರಿದ ಮೇಲೆ ತೊಟ್ಟಿನ ಬುಡ ಗಟ್ಟಿಯಾಗಿ ಉಳಿದು ಕೊಕ್ಕೆಯ ಕೆಲಸ ಮಾಡುತ್ತದೆ. ಇಂಥವಕ್ಕೆ ಬರೆಯಬೇಕಾದ ಮಾತು ‘ಕಟ್ಟಿ’. 30ರಿಂದ 45 ಸೆಂ.ಮೀ.ಗೊಂದು ಅಡ್ಡತಂತಿ ಎಳೆದು, ಕೊಂಬೆಯನ್ನು ತಂತಿಗೆ 8ರ ಆಕಾರದಲ್ಲಿ ದಾರ ಹಾಯಿಸಿ ಕಟ್ಟಬೇಕು. ದಾರದ ಒಂದು ಕುಣಿಕೆ ತಂತಿಗೆ, ಇನ್ನೊಂದು ಸಡಿಲ ಕುಣಿಕೆ ಕೊಂಬೆಗೆ, ನಡುವೆ ದಾರ ಅಡ್ಡವಿರುವುದರಿಂದ ತೊಗಟೆ ಉಜ್ಜದು. ಕೊಂಬೆಗಳನ್ನು ನೆಟ್ಟಗೆ ಬಿಡದೆ ಬಾಗಿಸಿ ಅಡ್ಡಕ್ಕೆ ಕಟ್ಟಿ. ನೆಟ್ಟಗಿದ್ದರೆ ತುದಿಮೊಗ್ಗು ಕೆಳಗಿನ ಮೊಗ್ಗುಗಳನ್ನು ಅದುಮಿಡುತ್ತದೆ, ಹೂವೆಲ್ಲ ಬೇಲಿಯ ಮೇಲಂಚಿಗೆ ಹೋಗಿ ಬುಡ ಬೋಳಾಗುತ್ತದೆ. ಅಡ್ಡಕ್ಕೆ ಬಾಗಿಸಿದರೆ ಗೆಣ್ಣುಗೆಣ್ಣಿಗೂ ಚಿಗುರು.

ಆಸರೆಯ ಹೆಸರು: ಚಪ್ಪರ, ಹಂದರ ಎರಡೂ ತಲೆಯ ಮೇಲಿರುವಂಥವು. ಬೇಲಿಯ ಮಗ್ಗುಲಿಗೆ ನಿಲ್ಲುವ ಟ್ರೆಲ್ಲಿಸ್‌ಗೆ ‘ತಡಿಕೆ’ ಹೊಂದುತ್ತದೆ. ತಡಿಕೆಯನ್ನು ಹಲಗೆಗೆ ತಾಗಿಸದೆ 5 ಸೆಂ.ಮೀ. ಜಾಗ ಬಿಟ್ಟರೆ ಕುಡಿ ಹಿಂದಿನಿಂದ ಸುತ್ತಿ ಬರಬಲ್ಲದು, ಗಾಳಿಯೂ ಆಡುತ್ತದೆ. ಗಿಡ ನೆಡುವ ಗುಂಡಿ ಬೇಲಿಯಿಂದ 30-45 ಸೆಂ.ಮೀ. ಈಚೆಗಿರಲಿ. ಬೇಲಿಯ ಬುಡಕ್ಕೆ ಮಳೆ ಸರಿಯಾಗಿ ಬೀಳುವುದಿಲ್ಲ.

ಇನ್ನೊಂದು ಉತ್ತರ: ಮೇಲಿನದ್ದೆಲ್ಲ ಒಪ್ಪುತ್ತೇನೆ, ‘ಒರಗುಬಳ್ಳಿ’ಯೊಂದಿಗೇ ‘ಹಬ್ಬುಗುಲಾಬಿ’ ಉಳಿಸಿಕೊಂಡಿದ್ದನ್ನು ಬಿಟ್ಟು. ಅಲ್ಲಿಯೂ ‘ಒರಗುಗುಲಾಬಿ’ ಎನ್ನಬೇಕು. ಇದರ ಜೊತೆಗೆ ಪ್ರೂನಿಂಗ್‌ಗೆ ಎಲ್ಲೆಡೆ ‘ಕತ್ತರಿಸಿ’ ಎಂದು ಬರೆಯುವ ರೂಢಿಯನ್ನೂ ಬಿಡೋಣ. ನಮ್ಮಲ್ಲಿ ‘ಚಿವುಟು’ ಎಂದರೆ ಉಗುರು, ‘ಸವರು’ ಎಂದರೆ ಕತ್ತಿ. ಶಂಖಪುಷ್ಪ 15-20 ಸೆಂ.ಮೀ. ಆದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ. ಕಾಗದದ ಹೂ ಹೊಸ ಚಿಗುರಿನಲ್ಲೇ ಬಿಡುವುದರಿಂದ ಒಂದು ಸುತ್ತು ಹೂ ಮುಗಿದೊಡನೆ ಸವರಬೇಕು. ಅದಕ್ಕೆ ನೀರು, ಗೊಬ್ಬರ ಹೆಚ್ಚಾದರೆ ಬರೀ ಎಲೆ. ವಿಸ್ಟೀರಿಯಾಗೆ ಎರಡು ಸಲ: ಬೇಸಿಗೆಯಲ್ಲಿ ನೀಳ ಕುಡಿಗಳನ್ನು 5-6 ಎಲೆ ಉಳಿಸಿ, ಚಳಿಗಾಲದಲ್ಲಿ ಅದೇ ಕಡ್ಡಿಯನ್ನು 2-3 ಮೊಗ್ಗು ಉಳಿಸಿ. ಇಲ್ಲಿ ‘ಸವರಿ’ ಎಂದಷ್ಟೇ ಬರೆದರೆ ಓದುಗರು ಹೂಮೊಗ್ಗನ್ನೂ ಸೇರಿಸಿ ತೆಗೆದುಬಿಡುತ್ತಾರೆ. ‘ಮೊಗ್ಗೆಣಿಸಿ ಕತ್ತರಿಸಿ’ ಎಂದು ಬರೆಯಿರಿ.