ಪದಚರ್ಚೆ: ದೋಣಿಕಟ್ಟೆಯ ‘ಅರ್ತ್ ಫಾಲ್ಟ್’, ‘ಸೋರಿಕೆ’, ‘ಕೋಆರ್ಡಿನೇಶನ್’

ಹಾರಂಗಿ ಹಿನ್ನೀರು, ದುಬಾರೆಯಂಥ ಕಡೆ ದೋಣಿಕಟ್ಟೆಗೆ ಕರೆಂಟ್ ಎಳೆಯುವ ವೈರ್‌ಮನ್‌ಗಳಿಗೆ ಕನ್ನಡ ಕೈಪಿಡಿಯೊಂದು ಬೇಕು. ಅದಕ್ಕೆ ಪದಗಳನ್ನು ಗಟ್ಟಿ ಮಾಡಿಕೊಳ್ಳುವಾಗ ಎದ್ದ ಪ್ರಶ್ನೆಗಳಿವು.

‘ಅರ್ತ್ ಫಾಲ್ಟ್’ಗೆ ‘ಭೂದೋಷ’ ಎಂದರೆ ಓದುವವನ ಮನಸ್ಸು ಸೈಟಿನ ವಾಸ್ತುವಿಗೆ ಹೋಗುತ್ತದೆ. ‘ಅರ್ತ್ ಫಾಲ್ಟ್’ ಕುಶಾಲನಗರದ ಯಾವ ವೈರ್‌ಮನ್‌ಗೂ ಗೊತ್ತು, ಅದೇ ಇರಲಿ. ಆದರೆ ಅದಕ್ಕೂ ‘ಸೋರಿಕೆ’ಗೂ ಗೆರೆ ಎಳೆಯಲೇಬೇಕು. ದೋಣಿಯ ಬ್ಯಾಟರಿ ಚಾರ್ಜರ್‌ನ ಫಿಲ್ಟರ್‌ನಿಂದ, ಎಲ್ಲ ಸರಿಯಿದ್ದಾಗಲೂ, ಒಂದಿಷ್ಟು ಕರೆಂಟ್ ಅರ್ತಿಗೆ ಹರಿಯುತ್ತದೆ, ಅದು ಸೋರಿಕೆ. ಇನ್ಸುಲೇಶನ್ ಕಿತ್ತು ಕರೆಂಟ್ ಅರ್ತಿಗೆ ಹರಿದರೆ ಫಾಲ್ಟ್. ಆರ್‌ಸಿಸಿಬಿಗೆ (ಕರೆಂಟ್ ಅರ್ತಿಗೆ ಹರಿದರೆ ಸಪ್ಲೈ ಕಡಿಯುವ ಸ್ವಿಚ್ಚಿಗೆ) ಈ ಭೇದವಿಲ್ಲ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ಇರುವ ವ್ಯತ್ಯಾಸವನ್ನಷ್ಟೇ ಅದು ನೋಡುತ್ತದೆ. ಒಂದೇ ಫೇಸಿನಲ್ಲಿ 12 ದೋಣಿ ತಲಾ 6 ಮಿಲಿಆಂಪ್ ಸೋರಿದರೆ ಒಟ್ಟು 72. 100 ಮಿಲಿಆಂಪಿನ ಮುಖ್ಯ ಆರ್‌ಸಿಸಿಬಿ 50 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು, ಅಂದರೆ ಟ್ರಿಪ್ ಆಗಬಹುದು. ಎಲ್ಲೂ ಫಾಲ್ಟ್ ಇಲ್ಲ, ಇಡೀ ಕಟ್ಟೆ ಕತ್ತಲು! ಮುಖ್ಯದ್ದನ್ನು 300ಕ್ಕೆ ಏರಿಸುವುದು ಸುಲಭ. ಆದರೆ ನೀರಿನ ಮೇಲಿನ ಕೇಬಲ್ಲೇ ಕಿತ್ತರೆ ಹೆಚ್ಚುಕಡಿಮೆ ಅಷ್ಟು ಕರೆಂಟ್ ನೀರಿಗೆ ಹರಿಯುತ್ತಿದ್ದರೂ ಅದು ಬೀಳದೆ ಇರಬಹುದು. ನಾಲ್ಕು ನಾಲ್ಕು ದೋಣಿಗೆ ಒಂದರಂತೆ 100ರ ಎಸ್ ಮಾದರಿ (ತುಸು ಕಾದು ಬೀಳುವಂಥದ್ದು), ಪ್ರತಿ ಸಾಕೆಟ್ಟಿಗೂ ಬೇರೆಯಾಗಿ 30ರದ್ದು, ಇದೇ ಸರಿಯಾದ ದಾರಿ. ಅಮೆರಿಕದ 2020ರ ವಿದ್ಯುತ್ ಕೋಡ್ ಕೂಡ ದೋಣಿಯ ಸಾಕೆಟ್ಟಿಗೆ 30, ಅವಕ್ಕೆ ಕರೆಂಟ್ ತರುವ ಫೀಡರಿಗೆ 100 ಎಂಬ ಮಿತಿ ಹಾಕಿದೆ.

ಇನ್ನು ‘ಕೋಆರ್ಡಿನೇಶನ್’. ‘ಸಮನ್ವಯ’ ಎಂದರೆ ಸಮಿತಿಯ ವಾಸನೆ. ಇಲ್ಲಿನ ಅರ್ಥ ಇಷ್ಟೆ: ಫಾಲ್ಟಿಗೆ ಹತ್ತಿರದ್ದು ಮೊದಲು ಬೀಳಬೇಕು, ಅದರ ಹಿಂದಿನದು, ಅಂದರೆ ಮೇನ್ ಕಡೆಯದು, ಬೀಳದೆ ನಿಲ್ಲಬೇಕು. ‘ಸರದಿ ಕಡಿತ’ ಎನ್ನಬಹುದೇ? ಹಿಂದಿನದರ ಮಿಲಿಆಂಪ್ ಮುಂದಿನದರ ಮೂರು ಪಟ್ಟು ಇದ್ದರೆ ಸಾಕೆಂದು ಹಲವರು ನಂಬಿದ್ದಾರೆ, ಸಾಲದು. ಗಟ್ಟಿ ಫಾಲ್ಟಿನಲ್ಲಿ ಹರಿಯುವುದು ಆಂಪಿಯರ್‌ಗಟ್ಟಲೆ. 30ರದ್ದೂ 100ರದ್ದೂ ಒಟ್ಟಿಗೇ ಬೀಳುತ್ತವೆ. ಆದ್ದರಿಂದ ಸಮಯದ ಅಂತರವೂ ಬೇಕು. ತಂತಮ್ಮ ರೇಟಿಂಗಿನ 5 ಪಟ್ಟು ಕರೆಂಟಿನಲ್ಲಿ ಸಾಮಾನ್ಯ ಮಾದರಿ 40 ಮಿಲಿಸೆಕೆಂಡಿನೊಳಗೆ ಬೀಳಬೇಕು, ಎಸ್ ಮಾದರಿ ಕನಿಷ್ಠ 50 ಕಾಯಬೇಕು. ಈ ಕಾಯುವಿಕೆಗೆ ‘ವಿಳಂಬ’ ಎಂದರೆ ಸಾಧನವೇ ಕೆಟ್ಟಂತೆ ಕೇಳುತ್ತದೆ. ‘ತಾಳಿಕೆ’ ಎಂದರೆ ಬಾಳಿಕೆ ಎಂದುಕೊಳ್ಳುತ್ತಾರೆ. ‘ತಡೆದು ಬೀಳುವ’ ಎಂಬುದು ನನಗೆ ಒಪ್ಪಿಗೆ. ಸಾಕೆಟ್ಟಿನಲ್ಲಿ ಮಾತ್ರ ತಡೆದು ಬೀಳುವಂಥದ್ದು ಕೂಡದು, ಅಲ್ಲಿ ಅದು ಕಾಪಾಡಬೇಕಾದದ್ದು ಮನುಷ್ಯನ ಜೀವ.

ದೋಣಿಯೊಳಗೆ ನ್ಯೂಟ್ರಲ್–ಅರ್ತ್ ಜೋಡಿಸಿದ್ದರೆ ಮರಳುವ ಕರೆಂಟ್ ಅರ್ತಿಗೂ ಹಂಚಿಹೋಗಿ 30ರದ್ದು ನಿಲ್ಲುವುದೇ ಇಲ್ಲ, ಬೀಳುತ್ತಲೇ ಇರುತ್ತದೆ. ಆಗ ಆರ್‌ಸಿಸಿಬಿಯನ್ನು ಬೈಪಾಸ್ ಮಾಡುವವರಿದ್ದಾರೆ, ದಯವಿಟ್ಟು ಬೇಡ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಸೋರುವ ಕರೆಂಟ್ ಅಳೆಯುವ ಲೀಕೇಜ್ ಕ್ಲಾಂಪ್‌ ಮೀಟರಿನೊಳಗೆ ಹಾಕಿ, ದೋಣಿಗಳ ಪ್ಲಗ್ಗನ್ನು ಒಂದೊಂದಾಗಿ ತೆಗೆಯುತ್ತ ಹೋದರೆ ದೋಷ ಯಾವ ದೋಣಿಯದ್ದೆಂದು ಸಿಕ್ಕೇ ಸಿಗುತ್ತದೆ.

ಕೊನೆಯದು ಎಚ್ಚರಿಕೆ ಫಲಕದ ಪದ. ಕಾವೇರಿಯದು ಸಿಹಿನೀರು. ಉಪ್ಪುನೀರಿಗಿಂತ ಇಲ್ಲಿ ಅಪಾಯ ಹೆಚ್ಚು, ಏಕೆಂದರೆ ಸಿಹಿನೀರಿಗಿಂತ ಮೈಯೇ ಕರೆಂಟಿಗೆ ಸಲೀಸು ದಾರಿ. ಕೆಲವೇ ಮಿಲಿಆಂಪಿಗೆ ಸ್ನಾಯು ಸೆಟೆದು ಈಜು ಬಲ್ಲವನೂ ಮುಳುಗುತ್ತಾನೆ. ‘ಶಾಕ್ ಹೊಡೆದು ಸಾವು’ ಎಂದರೆ ಜನ ವೈರು ನೋಡುತ್ತಾರೆ, ನೀರು ನೋಡುವುದಿಲ್ಲ. ‘ನೀರಲ್ಲಿ ಕರೆಂಟ್ ಇರಬಹುದು, ಈಜಬೇಡಿ. ಯಾರಾದರೂ ಮುಳುಗುತ್ತಿದ್ದರೆ ಹಾರಬೇಡಿ. ಮೊದಲು ಮೇನ್ ಆಫ್ ಮಾಡಿ, ಟ್ಯೂಬ್ ಎಸೆಯಿರಿ’ ಎಂದು ಬರೆದರೆ ಹೇಗೆ? ಇದಕ್ಕಿಂತ ಚಿಕ್ಕದಾಗಿ ಹೇಳಲು ಬರುವುದಾದರೆ ತಿಳಿಸಿ.