ಪೈಬುಲೆಟ್‌ನಲ್ಲಿ ಸರ್ವೋಗೆ 90 ಕೊಟ್ಟರೆ ಕೈ ಗಿರಗಿರ ಸುತ್ತುತ್ತಿದೆ!

ಮಂಡಕ್ಕಿ_ಭಟ್ಟಿ (ದಾವಣಗೆರೆ):
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಪೈಬುಲೆಟ್ಟಿನಲ್ಲಿ (ರೋಬೋವನ್ನು ಕಂಪ್ಯೂಟರಿನೊಳಗೇ ಓಡಿಸಿ ನೋಡುವ ಸಿಮ್ಯುಲೇಟರ್) ಮಂಡಕ್ಕಿ ಚೀಲ ಎತ್ತುವ ರೋಬೋ ಕೈಯ ಮಾದರಿ ಮಾಡುತ್ತಿದ್ದೇನೆ. ಭುಜದ ಜಾಯಿಂಟಿನ ಸರ್ವೋಗೆ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರು) ಪೊಸಿಷನ್ ಕಂಟ್ರೋಲ್ ಹಾಕಿ ಟಾರ್ಗೆಟ್ 90 ಕೊಟ್ಟೆ. ನಿಲ್ಲುವುದೇ ಇಲ್ಲ, ಗಾಣದ ಎತ್ತಿನ ಹಾಗೆ ಸುತ್ತುತ್ತದೆ. ಕೋಡ್ ಎಲ್ಲ ಸರಿಯಾಗಿಯೇ ಇದೆ. ಸೋಮವಾರ ಡೆಮೊ, ಬೇಗ ಹೇಳಿ.

ಕೋಟೆ_ಕಲ್ಲು (ಚಿತ್ರದುರ್ಗ):
ಫೋರ್ಸ್, ಅಂದ್ರೆ ಮೋಟಾರು ತಿರುಗಿಸೋ ಬಲದ ಮಿತಿ, ಎಷ್ಟು ಕೊಟ್ಟಿದ್ದೀರಿ? ನೂರಕ್ಕೆ ನೂರು ಅದೇ.

ಮಂಡಕ್ಕಿ_ಭಟ್ಟಿ:
11. ಎಂಜಿ996ಆರ್ ಸರ್ವೋ, ಡೇಟಾಶೀಟಿನಲ್ಲಿ ಇರೋದೇ ಅಷ್ಟು.

ಕೋಟೆ_ಕಲ್ಲು:
ಸಿಕ್ಕಿತು! ಅದು ಕೆಜಿ-ಸೆಂ.ಮೀ. ಲೆಕ್ಕ, ಅದೂ 6 ವೋಲ್ಟಿಗೆ. ಇಲ್ಲಿ ಬೇಕಾದ್ದು ನ್ಯೂಟನ್-ಮೀಟರ್. 1.08 ಹಾಕಿ.

ಮಂಡಕ್ಕಿ_ಭಟ್ಟಿ:
ಹಾಕಿದೆ. ಈಗ ನಿಧಾನವಾಗಿ ಸುತ್ತುತ್ತದೆ, ಅಷ್ಟೇ.

ಕೋಟೆ_ಕಲ್ಲು:
0.5 ಮಾಡಿ. ಆಗಲಿಲ್ಲ ಅಂದ್ರೆ 0.3.

ಹೊಂಡದ_ಸರ್ಕಲ್ (ದಾವಣಗೆರೆ):
ಫೋರ್ಸ್ ಹಿಡಿದು ಎಷ್ಟೊತ್ತು ಜಗ್ಗಾಡ್ತೀರಿ ಅಣ್ಣ? ಮುಜೊಕೊ ಅಂತ ಇನ್ನೊಂದು ಸಿಮ್ಯುಲೇಟರ್ ಇದೆ, ಅದಕ್ಕೆ ಬನ್ನಿ, 2022ರಿಂದ ಅದರ ಸೋರ್ಸ್ ಕೂಡ ಓಪನ್. ನನ್ನ ಹೊಸ ಮಷಿನ್ನಿನಲ್ಲಿ 64 ಜಿಬಿ ರ‍್ಯಾಮ್, ಮೂರು ಮಾನಿಟರ್. ಬೆಣ್ಣೆ ಹಾಗೆ ಓಡುತ್ತದೆ.

ಕೋಟೆ_ಕಲ್ಲು:
ಅವರು ಕೇಳಿದ್ದು ಕೈ ಯಾಕೆ ಸುತ್ತುತ್ತದೆ ಅಂತ. ನಿಮ್ಮನೇಲಿ ಎಷ್ಟು ಮಾನಿಟರ್ ಇವೆ ಅಂತಲ್ಲ.

ಹೊಂಡದ_ಸರ್ಕಲ್:
ಸುಮ್ನೆ ಹೇಳಿದೆ ಮಾರಾಯ್ರೆ, ಅದಕ್ಕೂ ಸಿಟ್ಟಾ?

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ):
ಒಂದು ನಿಮಿಷ. 90 ಅಂದದ್ದು ಡಿಗ್ರೀನಾ? ಪೈಬುಲೆಟ್ ತೆಗೆದುಕೊಳ್ಳೋದು ರೇಡಿಯನ್ (ಕೋನದ ಇನ್ನೊಂದು ಅಳತೆ, ಒಂದು ಸುತ್ತಿಗೆ ಸುಮಾರು 6.28). 90 ರೇಡಿಯನ್ ಅಂದ್ರೆ 14 ಸುತ್ತಿಗಿಂತ ಜಾಸ್ತಿ. ಪಾಪ, ಅದು ನೀವು ಹೇಳಿದ್ದನ್ನೇ ಮಾಡುತ್ತಿದೆ. 90 ಡಿಗ್ರಿ ಬೇಕಾದರೆ 1.5708 ಕೊಡಿ. ಹಾಗೇ, ಯುಆರ್‌ಡಿಎಫ್‌ನಲ್ಲಿ (ರೋಬೋದ ಭಾಗ, ಜಾಯಿಂಟ್ ಎಲ್ಲ ಬರೆದಿಡೋ ಫೈಲು) ಆ ಜಾಯಿಂಟ್ ‘ಕಂಟಿನ್ಯುಯಸ್’ (ಮಿತಿಯಿಲ್ಲದೆ ಸುತ್ತೋದು) ಅಂತ ಇದೆಯಾ? ‘ರೆವೊಲ್ಯೂಟ್’ ಮಾಡಿ ಲಿಮಿಟ್ ಹಾಕಿದ್ದರೆ ಗಡಿಗೆ ಬಡಿದು ನಿಲ್ಲುತ್ತಿತ್ತು, ತಪ್ಪು ಮೊದಲ ದಿನವೇ ಗೊತ್ತಾಗುತ್ತಿತ್ತು. ನಿಜವಾದ ಸರ್ವೋ ತಿರುಗೋದೂ ಸುಮಾರು 180 ಡಿಗ್ರಿ ತಾನೇ.

ಮಂಡಕ್ಕಿ_ಭಟ್ಟಿ:
ಕಂಟಿನ್ಯುಯಸ್ಸೇ. ಹಳೇ ಗಾಡಿ ಚಕ್ರದ ಫೈಲಿನಿಂದ ಎತ್ತಿದ್ದೆ, ಅದನ್ನೂ ಹೇಳಬೇಕು ಅಂತ ಹೊಳೆಯಲಿಲ್ಲ. ಸಿಟ್ಟಿಗೆ ಪ್ರತಿ ಸಲ ನಾಲ್ಕೈದು ಸುತ್ತಿಗೇ ವಿಂಡೋ ಮುಚ್ಚುತ್ತಿದ್ದೆ. 1.5708ಕ್ಕೆ ನಿಂತಿತು ಅಕ್ಕಾ! ಆದರೆ ಈಗ ಕೈ ಎದ್ದ ಕೂಡಲೇ ಬುಡಸಮೇತ ಮಗುಚಿ ಬೀಳುತ್ತಿದೆ.

ಜೋಗಿಮಟ್ಟಿ_ಗಾಳಿ:
ಲೋಡ್ ಮಾಡುವಾಗ ‘ಯೂಸ್ ಫಿಕ್ಸ್ಡ್ ಬೇಸ್’ (ಬುಡ ಅಲುಗದ ಹಾಗೆ ಕಚ್ಚಿಸಿಡೋ ಆಯ್ಕೆ) ಟ್ರೂ ಕೊಟ್ಟಿದ್ದೀರಾ?

ಕೋಟೆ_ಕಲ್ಲು:
ನಾನು ಮೊದಲೇ ಹೇಳಿದ್ದೆ. ಫೋರ್ಸ್ ಜಾಸ್ತಿ ಆಗಿದೆ.